ಜೋಡಿ ಹುಟ್ಟಿದ ಮಣಕ

ಅಂದಾನಾ,

ಇವತ್ತ ಹಿರೇವಡ್ಡಟ್ಟಿಗೆ, ನನ್ನ ಅತ್ತಿ ಮನಿಗೆ, ದನದ ಡಾಕ್ಟರು ಬಂದಿದ್ರು. ಇನ್ನೂ ಕರ ಹಾಕದ ನಮ್ಮ ಮಣಕಕ್ಕ ಮೂರು ವರ್ಷ ತುಂಬಿದ್ರೂ ಅದು ಒಮ್ಮೆನೂ ಬೆದಿಗೆ ಬಂದಿಲ್ಲ. ಪರೀಕ್ಷಾ ಮಾಡಿ, "ಇದು ಹೋರಿಗರದ ಜೋಡಿ ಹುಟ್ಟಿದ್ದೇನ್ರಿ?" ಅಂತ ಕೇಳಿದ್ರು. ಅತ್ತಿ ಹೌದಂದ್ರು.

"ಹಂಗಾರ ಇದು ಗಬ್ಬಾಗೂದಿಲ್ರಿ. ತಾಯಿ ಹೊಟ್ಟ್ಯಾಗ ಎರಡರ ರಕ್ತ ಕೂಡಿ, ಹೋರಿಗರದ ಹಾರ್ಮೋನು ಇದಕ್ಕ ಹರದು ಬಂದೈತಿ. ಗರ್ಭಚೀಲ ಸರಿಯಾಗಿ ಬೆಳದಿಲ್ಲ. ಬೆದಿಗೆ ಬಾ ಅಂತ ಹೇಳೂದನ್ನ ಇದರ ಮಿದುಳೂ ಕಲತಿಲ್ಲ."

ಅತ್ತಿ ಮಣಕ ಬಿಟ್ಟು ನನ್ನ ನೋಡಿದ್ರು. ಮದುವಿಯಾಗಿ ಆರು ವರ್ಷ ಆತು, ನನ್ನ ಉಡಿ ಇನ್ನೂ ತುಂಬಿಲ್ಲ. "ಮನಷ್ಯಾರಿಗೂ ಹಿಂಗ ಆಗತೈತೇನ್ರಿ?" ಅಂದ್ರು.

"ಏ, ಇಲ್ರಿ ಯವ್ವಾ, ಇದು ದನದಾಗ ಅಷ್ಟ," ಅಂತ ನಕ್ಕು ಡಾಕ್ಟರು ಗಾಡಿ ಹತ್ತಿದ್ರು.

"ದನದ ಡಾಕ್ಟರಿಗೆ ಮನಷ್ಯಾರದೇನು ಗೊತ್ತು?" ಅತ್ತಿ ನನ್ನ ಕಡೆ ತಿರುಗಿದ್ರು. "ನೀನೂ ಒಬ್ಬ ಹುಡುಗನ ಜೋಡಿ ಹುಟ್ಟಿದಾಕಿ ಅಂತ ಯಾರೋ ಅಂದಿದ್ರು. ಖರೇನ?"

ಅಲ್ಲೇ ನಿಂತಿದ್ದ ನಮ್ಮ ಮನಿಯವರಿಗೆ ನಿನ್ನ ವಿಷಯ ಗೊತ್ತೈತಿ. ಅವರು ತಲಿ ಬಗ್ಗಿಸಿ ಮಣಕದ ಬೆನ್ನು ಸವರಾಕತ್ತಿದ್ರು.

ನಾವಿಬ್ಬರೂ ಒಂದ ತೊಟ್ಟಲದಾಗ ಬೆಳದವರು. ನಿನ್ನ ಕೈ ಹಿಡಕೊಂಡ್ರಷ್ಟ ನನಗ ನಿದ್ದಿ ಹತ್ತತಿತ್ತಂತ, ಅವ್ವ ಹೇಳತಿದ್ಲು. ಐದು ವರ್ಷದಾಂವ ಇದ್ದಾಗ ನೀ ಜ್ವರಕ್ಕ ಹೋದಿ. ಆಮ್ಯಾಲ ನಿನ್ನ ಬಗ್ಗೆ ನನ್ನ ಯಾರೂ ಕೇಳಿರಲಿಲ್ಲ. ಇವತ್ತ ಕೇಳಿದ್ರು.

"ಇಲ್ರಿ ಅತ್ತೀ," ಅಂದೆ. "ನಾ ಒಬ್ಬಾಕಿನ ಹುಟ್ಟೇನ್ರಿ."