ಒಡಪಿಲ್ಲದೆ ಹೇಳದ ಹೆಸರು

ಕಲಬುರಗಿ, ಶ್ರಾವಣ, ೧೯೨೬

ತೀರ್ಥರೂಪ ಅವ್ವನಿಗೆ, ಮಗ ನಾಗಣ್ಣನ ಶರಣಾರ್ಥಿ.

ಅಪ್ಪ ನಿನ್ನನ್ನೂ ಮರೆತರೇನೋ ಎಂದು ಹೆದರಿ ನೀನು ಕಮಲಾಪುರದಲ್ಲೇ ಉಳಿದೆ. ಮೊದಲು ಅದಕ್ಕೇ ಉತ್ತರ: ಮರೆತಿಲ್ಲ.

ಹೈದರಾಬಾದಿನಿಂದ ಬಂದಿರುವ ಡಾಕ್ಟರು ಅಪ್ಪನ ಮುಂಗೈ ಹಿಡಿದು ನೋಡಿ, ರಕ್ತನಾಳಗಳು ಗಟ್ಟಿಯಾಗಿವೆ, ತಲೆಗೆ ರಕ್ತ ಸಾಲದೆ ನೆನಪು ಜಾರುತ್ತಿದೆ ಎಂದರು. ನಾಳೆ ಯಾವ ವಾರವೆಂದರೆ ಅಪ್ಪ ತಪ್ಪು ಹೇಳಿದರು. ನಾಳ ಕೆಟ್ಟವರಿಗೆ ನಾಳೆ ಹೇಗೆ ಗೊತ್ತಾಗಬೇಕು!

ಆಮೇಲೆ ಡಾಕ್ಟರು, "ಬೀವಿ ಹೆಸರೇನು?" ಎಂದರು. ಅಪ್ಪ ತಲೆ ತಗ್ಗಿಸಿದರು. ಮತ್ತೆ ಕೇಳಿದರೆ ಗೋಡೆಯ ಕಡೆ ಮುಖ ತಿರುಗಿಸಿದರು. "ಅದೂ ಹೋಯಿತು" ಎಂದು ಡಾಕ್ಟರು ನಿಟ್ಟುಸಿರಿಟ್ಟರು. ಆದರೆ ಅಪ್ಪನ ಕಿವಿಗಳು ನಾಚಿ ಕೆಂಪಾಗಿದ್ದವು. ಆಗ ನನಗೆ ಹೊಳೆಯಿತು.

"ಅಪ್ಪಾ, ಒಡಪು ಹಾಕಿ ಹೇಳ್ರಿ."

"ಹಂಗ ಕೇಳಬೇಕಲ್ಲೋ! ನಾಕು ಮಂದಿ ಎದುರಿಗಿ ಹೆಂಡ್ತಿ ಹೆಸರು ಬರೇ ಬಾಯಿಲೆ ಹೇಳ್ತಾರೇನು?" ಎಂದು ಗದರಿಸಿ, ರುಮಾಲು ಸರಿಮಾಡಿಕೊಂಡು ಹೇಳಿದರು:

"ಕಮಲಾಪುರದ ಬಾಳಿಹಣ್ಣ ಕೆಂಪ,
ಕಸ್ತೂರಿಬಾಯಿ ಇದ್ರ ಮನಿಯೆಲ್ಲ ತಂಪ!"

ಡಾಕ್ಟರು "ವಾಹ್!" ಎಂದು ನಕ್ಕರು. ರೋಗ ಪೂರ್ತಿ ಹೋಗದು, ಆದರೆ ತಂಬಾಕು ಬಿಟ್ಟು, ಉಪ್ಪು ತಗ್ಗಿಸಿ, ದಿನಾ ನಡೆದರೆ ಅದರ ಓಟ ನಿಧಾನವಾಗುತ್ತದಂತೆ. ಅಪ್ಪ ಈಗ ಶರಣಬಸವೇಶ್ವರ ಗುಡಿಯ ತನಕ ನಡೆಯುತ್ತಾರೆ.

ಸೋಮವಾರದ ಬಂಡಿಗೆ ಬಾ. ಉಪ್ಪಿನಕಾಯಿ ಬೇಡ, ಒಡಪು ತಾ. ಅಪ್ಪನಿಗೆ ಹೊಸದೇ ಬೇಕಂತೆ. ಮದುವೆಯ ದಿನ ನೀನು ಹೇಳಿದ್ದು ಅವರಿಗೆ ಇನ್ನೂ ಬಾಯಿಪಾಠವಿದೆ.

ನಿನ್ನ ದಾರಿ ಕಾಯುವ
ನಾಗಣ್ಣ