ಎಣಿಸದೆ ಬರೆದ ಹದಿನೆಂಟು

ವೆಸ್ಲಾಕೊ
ಏಪ್ರಿಲ್ 11, ಶುಕ್ರವಾರ

ಪ್ರೀತಿಯ ಅಮಾ,

ಮಾರ್ಚ್ ಇಪ್ಪತ್ತೈದರ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ನಾನು ನಿನ್ನ ವಾರ್ಡಿನ ದೋನ್ ಎವರಿಸ್ತೊ ಅವರ ಉಸಿರನ್ನು ಎಣಿಸಲಿಲ್ಲ. ಎಣಿಸಿದೆ ಎಂದು ಬರೆದೆ. ನಿಮಿಷಕ್ಕೆ ಹದಿನೆಂಟು ಎಂದು ತುಂಬಿ, ಕೆಳಗೆ ನೆರೇಯ್ದಾ ಎಸ್ಕಮಿಯಾ, ನರ್ಸಿಂಗ್ ವಿದ್ಯಾರ್ಥಿನಿ ಎಂದು ಹೆಸರು ಹಾಕಿದೆ. ನಿನ್ನನ್ನು ಕೆಲಸದಿಂದ ಹೊರಗೆ ನಿಲ್ಲಿಸಿದ್ದು ಆ ಹದಿನೆಂಟು. ಅದು ನನ್ನದು, ನಿನ್ನದಲ್ಲ.

ಮೊದಲು ಕ್ಷೇಮ ಕೇಳಬೇಕಿತ್ತು, ಗೊತ್ತು. ಆದರೆ ಕ್ಷೇಮ ಕೇಳಿ, ಬಿಸಿಲು ಕೇಳಿ, ಚಿಕ್ಕಮ್ಮನ ಮಂಡಿನೋವು ಕೇಳಿ, ಆಮೇಲೆ ಇದನ್ನು ಬರೆಯಹೊರಟರೆ ಕಾಗದ ಮುಗಿಯುವವರೆಗೂ ಮಂಡಿನೋವಿನಲ್ಲೇ ಉಳಿದುಬಿಡುತ್ತಿದ್ದೆ.

ಚಿಕ್ಕಮ್ಮ ಚಾಯೊಗೆ ನಾಲ್ಕು ಸಲ ಫೋನ್ ಮಾಡಿದೆ. ನೀನು ಅವರ ಮನೆಯ ಹಿತ್ತಿಲಲ್ಲಿ ಕೂತು ಅಡುಗೆಗೆಂದು ಪಾಪಾಸುಕಳ್ಳಿಯ ಮುಳ್ಳು ಕೆರೆಯುತ್ತಿದ್ದೀಯಂತೆ, ಯಾರಾದರೂ ಫೋನ್ ಹಿಡಿದು ಹತ್ತಿರ ಬಂದರೆ ಚಾಕು ತೋರಿಸುತ್ತೀಯಂತೆ. ಈಸ್ಟರ್ ಬರುವಷ್ಟರಲ್ಲಿ ಅವರ ಬೀದಿಯಲ್ಲಿ ಒಂದು ಕಳ್ಳಿಯೂ ಉಳಿಯುವುದಿಲ್ಲ ಎಂದಳು. ನೀನು ಹೇಳಿಕಳಿಸಿದ ಮಾತನ್ನೂ ಒಪ್ಪಿಸಿದಳು: "ಒಂಬತ್ತು ವಾರ ಬಾಯಿ ಮುಚ್ಕೊಂಡಿರು ಅನ್ನು ಅವಳಿಗೆ. ಲೈಸೆನ್ಸ್ ಕೈಗೆ ಬರ್ಲಿ. ಆಮೇಲೆ ಬೇಕಾದ್ರೆ ಪ್ರಪಂಚನೆಲ್ಲ ರಿಪೇರಿ ಮಾಡ್ಲಿ."

ಆ ಒಂಬತ್ತು ವಾರದ ಬಗ್ಗೆಯೇ ಈ ಕಾಗದ.

ಆ ಮಂಗಳವಾರ ನಮ್ಮ ತರಗತಿಯ ಆರು ಜನರನ್ನು ಆರೈಕೆ ಮನೆಯ ಪೂರ್ವದ ವಾರ್ಡಿಗೆ ಹಾಕಿದ್ದರು. ನೀನು ಹತ್ತೊಂಬತ್ತು ವರ್ಷ ಸಹಾಯಕಿಯಾಗಿ ಮುದುಕರನ್ನು ಎತ್ತಿ, ತೊಳೆದು, ಉಣಿಸಿದ ವಾರ್ಡು. ಅವತ್ತು ಜ್ವರ, ನಾಡಿ, ರಕ್ತದೊತ್ತಡ, ಉಸಿರು ನೋಡಿ ಬರೆಯುವ ಕೆಲಸ ವಿದ್ಯಾರ್ಥಿಗಳದು. ನಿಮಗೆ ಸಹಾಯಕಿಯರಿಗೆ ಅಷ್ಟರಮಟ್ಟಿಗೆ ಬಿಡುವು. ಮೊದಲಿನ ಮೂರನ್ನು ಯಂತ್ರವೇ ಹೇಳುತ್ತದೆ. ಉಸಿರನ್ನು ಮಾತ್ರ ಮನುಷ್ಯರೇ ಮನುಷ್ಯರ ಪಕ್ಕ ನಿಂತು, ಎದೆ ನೋಡುತ್ತಾ, ಒಂದು ನಿಮಿಷ ಎಣಿಸಬೇಕು. ಆ ಒಂದು ನಿಮಿಷ ಯಾರ ಹತ್ತಿರವೂ ಇರುವುದಿಲ್ಲ. ಅದಕ್ಕೇ ಎಲ್ಲರೂ ಆರೋಗ್ಯವಂತರ ಲೆಕ್ಕವಾದ ಹದಿನೆಂಟು ಬರೆಯುತ್ತಾರೆ. "ನಮ್ಮಲ್ಲಿ ಎಲ್ರೂ ಹದಿನೆಂಟೇ ಉಸಿರಾಡ್ತಾರೆ, ಸತ್ತೋರೂ ಸೇರಿ" ಎಂದು ಬೂಟು ಬಿಚ್ಚುತ್ತಾ ನೀನೇ ನಗುತ್ತಿದ್ದೆಯಲ್ಲ. ನಾನೂ ನಕ್ಕಿದ್ದೆ. ನಾನು ಹಾಗೆ ಮಾಡುವವಳಲ್ಲ ಎಂದುಕೊಂಡು ನಕ್ಕಿದ್ದೆ.

ಆ ನಿಮಿಷದಲ್ಲಿ ನಾನು ಎಲ್ಲಿದ್ದೆ ಎಂದು ನೀನು ಕೇಳಿಲ್ಲ. ಹೇಳುತ್ತೇನೆ. ಊಟದ ಕೋಣೆಯಲ್ಲಿ ನೆಲ್ಡಾಗೆ ಮತ್ತು ಬೇರೆ ಇಬ್ಬರು ಸಹಾಯಕಿಯರಿಗೆ ನಾನು ಬರೆದ ಕರಪತ್ರ ಓದಿ ಹೇಳುತ್ತಿದ್ದೆ. ಒಬ್ಬಳು ಸಹಾಯಕಿಗೆ ಹದಿನಾಲ್ಕು ಮಂದಿಯನ್ನು ಒಪ್ಪಿಸುವುದು ಅನ್ಯಾಯ, ಅವಸರದ ಕೈಯಲ್ಲಿ ಜೀವ ಉಳಿಯುವುದಿಲ್ಲ ಎಂಬ ಕರಪತ್ರ. ತಾತ ಖರ್ಬೂಜದ ಹೊಲದಲ್ಲಿ ಮುಷ್ಕರ ಹೂಡಿದ ಕಾಲದಿಂದ ಬೂಟಿನ ಡಬ್ಬದಲ್ಲಿ ಇಟ್ಟಿದ್ದ ಹಳದಿ ಹಾಳೆಗಳನ್ನೆಲ್ಲ ಓದಿ ಓದಿ ಕಟ್ಟಿದ ಮಾತುಗಳು. ಗಡಿಯಾರದಲ್ಲಿ ಎರಡಾಗಿತ್ತು. ಓಡಿಬಂದು ದೋನ್ ಎವರಿಸ್ತೊ ಅವರ ತೋಳಿಗೆ ಪಟ್ಟಿ ಸುತ್ತಿದೆ. ಯಂತ್ರ ಹೇಳಿದ್ದನ್ನು ಬರೆದೆ. ಉಳಿದ ಖಾಲಿ ಜಾಗಕ್ಕೆ ಹದಿನೆಂಟು ತುಂಬಿದೆ. ಕರಪತ್ರದಲ್ಲಿ ಬರೆದದ್ದು ಸುಳ್ಳಲ್ಲ, ಅಮಾ. ಆದರೆ ಅದನ್ನು ಬರೆದ ಕೈ ಸುಳ್ಳು ಬರೆಯಿತು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಇದು ನಿನಗೆ ಗೊತ್ತಿಲ್ಲ.

ಎರಡೂ ಕಾಲರ ಹೊತ್ತಿಗೆ ನೀನು ಪಾಳಿಯ ನರ್ಸ್ ಕವಾಸೋಸ್ ಹತ್ತಿರ ಹೋಗಿ, ದೋನ್ ಎವರಿಸ್ತೊ ಉಸಿರು ಓಡುತ್ತಿದೆ, ಒಂದು ಸಲ ಬಂದು ನೋಡಿ ಎಂದೆ. ಅವರು ಕಂಪ್ಯೂಟರಿನ ಕಡೆ ತಿರುಗಿ, "ಯುಲಾಲಿಯಾ, ಹದಿನೆಂಟು ಅಂತಿದೆ. ಎಣಿಸಿರೋಳು ನಿನ್ನ ಮಗಳೇ. ಮಗಳ ಓದಿನ ಮೇಲೆ ನಿನಗೇ ನಂಬಿಕೆ ಇಲ್ವಾ?" ಅಂದರು. ಎಣಿಸಿಲ್ಲ ಎಂದರೆ ಮಗಳನ್ನು ಸುಳ್ಳಿ ಎಂದ ಹಾಗೆ. ನೀನೂ ಸುಮ್ಮನಾಗಿ ಹೊರಟುಹೋದೆ.

ನಾನು ಔಷಧದ ಗಾಡಿಯ ಹಿಂದೆ ನಿಂತಿದ್ದೆ. ಪ್ರತಿ ಮಾತೂ ಕೇಳಿಸಿತು. ಮೂರು ಹೆಜ್ಜೆ ಮುಂದಿಟ್ಟು, ನಾನು ಎಣಿಸಿಲ್ಲ, ಅಮಾ ಹೇಳುತ್ತಿರುವುದೇ ಸರಿ ಅನ್ನಬಹುದಿತ್ತು. ಮಾತ್ರೆಯ ಪೊಟ್ಟಣಗಳನ್ನು ಜೋಡಿಸುತ್ತಾ ನಿಂತೆ. ಆರು ಗಂಟೆಗೆ ಅವರ ತುಟಿ ನೀಲಿಯಾಗಿ ಆಂಬುಲೆನ್ಸ್ ಬಂತು. ಎರಡೂ ಶ್ವಾಸಕೋಶದಲ್ಲಿ ನ್ಯುಮೋನಿಯಾ. ನಾಲ್ಕು ಗಂಟೆ ಮುಂಚೆ ಕಳಿಸಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಆಸ್ಪತ್ರೆಯವರು ಹೇಳಿದರಂತೆ.

ಅವತ್ತು ಸಂಜೆ ನೀನು ಒಲೆಯ ಮುಂದೆ ನಿಂತು ಕೇಳಿದೆ, "ಎಣಿಸಿದ್ಯಾ?" ಹೂಂ ಅಂದೆ. ನೀನು ರೊಟ್ಟಿ ತಿರುವಿಹಾಕಿ, "ಸರಿ, ಹಾಗಾದ್ರೆ ಎಣಿಸಿದ್ದೀಯ" ಅಂದೆ. ಮತ್ತೆ ಕೇಳಲೇ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆರೈಕೆ ಮನೆಯವರ ವಿಚಾರಣೆಯ ದಿನ ನೀನು ಏನು ಹೇಳಿದೆ ಎಂಬುದನ್ನು ನೆಲ್ಡಾ ಈ ವಾರ ತಿಳಿಸಿದಳು. ಇಂಗ್ಲಿಷಿನ ಕಾಗದವನ್ನು ನಿನಗೆ ಓದಿ ಹೇಳಲು ಅವಳನ್ನೇ ಕರೆದಿದ್ದರಂತೆ. ಎರಡರಿಂದ ಆರರವರೆಗೆ ರೋಗಿಯಲ್ಲಿ ಏನಾದರೂ ಬದಲಾವಣೆ ಕಂಡೆಯಾ ಎಂದು ಕೇಳಿದಾಗ, ಇಲ್ಲ ಎಂದು ಸಹಿ ಹಾಕಿದೆಯಂತೆ. ಮೈಮೇಲೆ ಮಚ್ಚೆ ಕೆಂಪಾದರೂ ಗುರುತಿಸುವವಳು ನೀನು. ಸೋಮವಾರ ಮಧ್ಯಾಹ್ನ ಅವರು ನಿನ್ನ ಹೆಸರನ್ನು ರಾಜ್ಯದ ಸಹಾಯಕಿಯರ ಪಟ್ಟಿಗೆ ಕಳಿಸುತ್ತಾರೆ, ಪಕ್ಕದಲ್ಲಿ ನಿರ್ಲಕ್ಷ್ಯ ಎಂದು ಬರೆದು. ಆಮೇಲೆ ಟೆಕ್ಸಸ್‌ನಲ್ಲಿ ಎಲ್ಲಿಯೂ ನೀನು ಒಬ್ಬ ಮುದುಕಿಗೆ ಒಂದು ಲೋಟ ನೀರು ಕುಡಿಸುವ ಕೆಲಸಕ್ಕೂ ಸೇರುವಂತಿಲ್ಲ.

ಚಿಕ್ಕಮ್ಮ ಇದನ್ನು ತ್ಯಾಗ ಅನ್ನುತ್ತಾಳೆ. ತಾತನ ಹಾಳೆಗಳಲ್ಲಿ ಇದಕ್ಕೆ ಬೇರೆ ಹೆಸರಿದೆ. ಮೇಲಿರುವವರ ತಪ್ಪನ್ನು ಕೆಳಗಿರುವವಳ ತಲೆಗೆ ಕಟ್ಟುವುದು. ಇಷ್ಟು ದಿನ ಮೇಲಿರುವವರು ಎಂದರೆ ಯಜಮಾನರು ಎಂದುಕೊಂಡಿದ್ದೆ. ಈ ಸಲ ಮೇಲಿದ್ದವಳು ನಾನು.

ಕಳೆದ ಶನಿವಾರ ದೋನ್ ಎವರಿಸ್ತೊ ವಾಪಸ್ ಬಂದರು. ಮೂಗಿಗೆ ಆಮ್ಲಜನಕದ ನಳಿಗೆ, ಹನ್ನೊಂದು ದಿನದಲ್ಲಿ ಅರ್ಧಕ್ಕೆ ಇಳಿದ ಮೈ. ನನ್ನನ್ನು ಕಂಡು, "ಬಂದ್ಲು ನೋಡು ಕರಪತ್ರದ ಹುಡುಗಿ" ಅಂದರು. ನಿನ್ನಮ್ಮ ಎಲ್ಲಿ, ಈ ಹೊಸ ಹುಡುಗಿಯರು ನನ್ನ ಮೀಸೆಯನ್ನು ಒದ್ದೆ ಬೆಕ್ಕಿನ ಬಾಲದ ಹಾಗೆ ಬಾಚುತ್ತಾರೆ ಎಂದು ದೂರಿದರು. ನಾನು ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದೆ. ನಿನಗಿಂತ ಮುಂಚೆ ಅವರಿಗೆ ಹೇಳಿದ್ದಕ್ಕೆ ಬೇಸರಪಡಬೇಡ. ಎದೆ ಅವರದಾಗಿತ್ತು. ಅವರು ಕೈ ಚಾಚಿ, "ಈಗ ಎಣಿಸು. ನಾನೇನೂ ಎದ್ದು ಓಡಿಹೋಗಲ್ಲ" ಅಂದರು.

ನಾನು ಅವರ ಮಣಿಕಟ್ಟು ಹಿಡಿದು ನಾಡಿ ನೋಡುವವಳ ಹಾಗೆ ಕೂತು, ಕಣ್ಣನ್ನು ಎದೆಯ ಮೇಲಿಟ್ಟೆ. ಅದನ್ನು ಶಾಲೆಯಲ್ಲಿ ಮೂರನೆಯ ವಾರ ಕಲಿಸಿದರು. ನೀನು ನನಗೆ ಒಂಬತ್ತು ವರ್ಷವಾಗಿದ್ದಾಗಲೇ ಅಜ್ಜಿಯ ಹಾಸಿಗೆಯ ಪಕ್ಕ ಕಲಿಸಿದ್ದೆ. "ಕೈ ಹಿಡ್ಕೊ, ನಾಡಿ ನೋಡ್ತಿದ್ದಾಳೆ ಅಂದ್ಕೊಳ್ಳಿ. ನೀನು ಎದೆ ನೋಡು. ಯಾರೋ ನೋಡ್ತಿದ್ದಾರೆ ಅಂತ ಗೊತ್ತಾದ್ರೆ ಉಸಿರಿಗೂ ನಾಚಿಕೆ ಆಗತ್ತೆ." ಪೂರ್ತಿ ಒಂದು ನಿಮಿಷ ಎಣಿಸಿದೆ. ಇಪ್ಪತ್ತೆರಡು. ಬರೆದೆ. ಇಪ್ಪತ್ತೆರಡು ಬರೆಯಲು ಎಷ್ಟು ಉದ್ದದ ನಿಮಿಷ ಬೇಕು ಎಂಬುದು ಆಗ ಗೊತ್ತಾಯಿತು.

ನಮ್ಮ ಶಿಕ್ಷಕಿ ಹೊಲ್ಗೀನ್ ದಿನಕ್ಕೆ ಹತ್ತು ಸಲ ಹೇಳುವ ಮಾತೊಂದಿದೆ: ಬರೆಯದೇ ಇದ್ದದ್ದು ಮಾಡದೇ ಇದ್ದ ಹಾಗೆ. ಮಾಡದೆ ಬರೆದದ್ದು ಏನಾಗುತ್ತದೆ ಎಂಬುದು ವಿದ್ಯಾರ್ಥಿ ಕೈಪಿಡಿಯ ಹನ್ನೆರಡನೆಯ ಪುಟದಲ್ಲಿದೆ. ಶಾಲೆಯಿಂದ ಹೊರಗೆ. ಓದಿ ನೋಡಿದ್ದೇನೆ, ಸಣ್ಣ ಅಕ್ಷರವನ್ನೂ ಓದಿದ್ದೇನೆ. ಒಂದು ವರ್ಷ ಕಾದು ಮತ್ತೆ ಅರ್ಜಿ ಹಾಕಬಹುದು, ತೆಗೆದುಕೊಳ್ಳುವುದು ಬಿಡುವುದು ಅವರಿಗೆ ಸೇರಿದ್ದು. ತೆಗೆದುಕೊಂಡರೆ ಮೊದಲ ವಾರದಿಂದ, ಹಾಸಿಗೆಯ ಮೂಲೆ ಮಡಿಸುವುದರಿಂದ ಶುರುಮಾಡುತ್ತೇನೆ. ತೆಗೆದುಕೊಳ್ಳದಿದ್ದರೆ ಬೇರೆ ಶಾಲೆಯ ಬಾಗಿಲು ತಟ್ಟುತ್ತೇನೆ, ಹೋದಲ್ಲೆಲ್ಲ ಇದನ್ನು ಮೊದಲು ಹೇಳಿಯೇ ತಟ್ಟುತ್ತೇನೆ. ನಾನು ನರ್ಸ್ ಆಗಿಯೇ ಆಗುತ್ತೇನೆ, ಅಮಾ. ಆದರೆ ನಿನ್ನ ಹೆಸರಿನ ಮೇಲೆ ಕಾಲಿಟ್ಟು ಆಗುವುದಿಲ್ಲ.

ಕವಾಸೋಸ್ ಮೇಲೆ ದೂರು ಹೇಳಲು ಹೋಗುತ್ತಿಲ್ಲ. ಅವತ್ತು ಅವರ ತಲೆಯ ಮೇಲೆ ಮೂವತ್ತನಾಲ್ಕು ರೋಗಿಗಳಿದ್ದರು. ಅವರು ನಂಬಿದ್ದು ಬರೆದಿದ್ದನ್ನು. ನಂಬುವಂತೆ ಬರೆದವಳು ನಾನು. ನಿನ್ನಿಂದ ಕೇಳಿಸಿಕೊಂಡದ್ದನ್ನು ಅವರೇ ಹೇಳಲಿ. ಕರಪತ್ರವನ್ನೂ ನಾನು ಹರಿದಿಲ್ಲ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ, ನನ್ನ ಹೆಸರಿನೊಂದಿಗೆ, ಹದಿನೆಂಟರ ಬಗ್ಗೆ. ಓದಿ ನೆಲ್ಡಾ ಅಂದಳು, "ಹುಚ್ಚಿ, ಇದನ್ನ ಓದಿದ್ರೆ ಯಾರು ಸಹಿ ಹಾಕ್ತಾರೆ?" ಹಾಗೆ ಹೇಳಿ ತಾನೇ ಪೆನ್ನು ಕೇಳಿದಳು.

ಜೂನ್ ಹದಿಮೂರಕ್ಕೆ ಓದು ಮುಗಿಸಿದವರಿಗೆ ನರ್ಸಿನ ಪಿನ್ ತೊಡಿಸುವ ದಿನ. ಎದೆಗೆ ಪಿನ್ ಚುಚ್ಚುವವರು ಯಾರು ಎಂದು ಬರೆದುಕೊಡಬೇಕಿತ್ತು. ಫೆಬ್ರವರಿಯಲ್ಲೇ ನಿನ್ನ ಹೆಸರು ಬರೆದುಕೊಟ್ಟಿದ್ದೆ. ಈ ಜೂನಿನಲ್ಲಿ ಅದು ಆಗಲಿಕ್ಕಿಲ್ಲ. ಹೆಸರು ಬದಲಾಗುವುದಿಲ್ಲ.

ಸರಿಯಾಗಿ ಊಟ ಮಾಡು. ಬರೀ ಕಳ್ಳಿ ತಿನ್ನಬೇಡ. ಚಿಕ್ಕಮ್ಮನ ಮಂಡಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ ಮಗಳು,
ನೆರೇಯ್ದಾ

ತಾ.ಕ.: ಲಕೋಟೆ ಹುಡುಕಲು ನಿನ್ನ ಬೀರು ತೆಗೆದೆ. ಮೇಲಿನ ಹಲಗೆಯಲ್ಲಿ ಬಿಳಿ ಬೂಟುಗಳ ಡಬ್ಬ ಇತ್ತು, ನನ್ನ ಅಳತೆಯದು. ಜೂನಿಗೆ ಎಂದು ಈಗಲೇ ತಂದಿಟ್ಟಿದ್ದೀಯ. ಎಡಗಾಲಿನ ಬೂಟಿನೊಳಗೆ ನಿನ್ನ ಜೇಬಿನ ಪುಸ್ತಕದಿಂದ ಹರಿದ ಹಾಳೆ ಸಿಕ್ಕಿತು, ನಿನ್ನ ಗುಂಡಗಿನ ಅಕ್ಷರದಲ್ಲಿ: "ಎವರಿಸ್ತೊ. 2:10, 28. ಕವಾಸೋಸ್‌ಗೆ ಹೇಳಿದೆ. 2:40, 30. ಮತ್ತೆ ಹೇಳಿದೆ. 4:00, 32. ಮತ್ತೆ ಹೇಳಿದೆ." ನೀನು ಇದನ್ನು ಒಲೆಗೆ ಹಾಕಬಹುದಿತ್ತು. ಹಾಕಲಿಲ್ಲ.

ಹಾಗಾಗಿ ಮೇಲೆ ನಾನು ಬರೆದ ಒಂದು ಮಾತು ತಪ್ಪು. ದಾಖಲೆಯಲ್ಲಿ ತಪ್ಪಾದರೆ ಅಳಿಸಬಾರದು, ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಹೆಸರಿನ ಅಕ್ಷರ ಹಾಕಬೇಕು ಎಂದು ಕಲಿಸಿದ್ದಾರೆ. "ನೀನೂ ಸುಮ್ಮನಾಗಿ ಹೊರಟುಹೋದೆ" ಎಂಬಲ್ಲಿ ಗೆರೆ ಎಳೆದಿದ್ದೇನೆ, ನೋಡು. ಅಮಾ ಮೂರು ಸಲ ಹೇಳಿದಳು. ನೆ. ಎ.

ಎಂಟು ಗಂಟೆಗೆ ಹೊಲ್ಗೀನ್, ಹತ್ತಕ್ಕೆ ಆರೈಕೆ ಮನೆಯ ವ್ಯವಸ್ಥಾಪಕರು. ಸೋಮವಾರ ಬರುತ್ತೇನೆ ಎಂದು ಇಬ್ಬರಿಗೂ ಹೇಳಿಟ್ಟಿದ್ದೇನೆ. ಹಾಳೆ ನನ್ನ ಹತ್ತಿರ ಇದೆ. ನೀನು ಬರದಿದ್ದರೂ ಒಳಗೆ ಹೋಗುತ್ತೇನೆ, ನನ್ನ ತಪ್ಪನ್ನು ಹೇಳುತ್ತೇನೆ. ಆದರೆ ಈ ಹಾಳೆ ನಿನ್ನದು, ಅದನ್ನು ಮೇಜಿನ ಮೇಲೆ ಇಡಬೇಕಾದ ಕೈಯೂ ನಿನ್ನದೇ. ಸೋಮವಾರ, ಏಪ್ರಿಲ್ 14, ಬೆಳಿಗ್ಗೆ ಏಳೂಮುಕ್ಕಾಲಿಗೆ, ಶಾಲೆಯ ಪಶ್ಚಿಮದ ಬಾಗಿಲಲ್ಲಿ.