ದಾಟದ ಕರೆ

ಸಯನ್, ಮುಂಬಯಿ, ಮಾರ್ಚ್ 1990

ಕೌಸಲ್ಯಾ ಸಿಸ್ಟರ್ ಅವರಿಗೆ ನಮಸ್ಕಾರ.

ನಿಮ್ಮ ವಾರ್ಡಿಗೆ ಹೊಸ ಕಂಪ್ಯೂಟರ್ ಕೂಡಿಸಿದ ಎಂಜಿನಿಯರ್ ನಾನು. ನಿನ್ನೆ ನಿಮ್ಮ ರೋಗಿ ಸುಂದ್ರವ್ವನವರು ಉಸಿರಿಗೆ ಒದ್ದಾಡಿದಾಗ ಅಲಾರಂ ಏಕೆ ಹೊಡೆಯಲಿಲ್ಲ ಎಂದು ಕೇಳಿದ್ದಿರಿ. ಕಾರಣ ಸಿಕ್ಕಿದೆ.

ಹಳೆಯ ಅಲಾರಂ ಪ್ರೋಗ್ರಾಂ ಈಗ ಹೊಸ ಕಂಪ್ಯೂಟರನ್ನು ನಡೆಸುವ ಯುನಿಕ್ಸ್ ಎಂಬ ದೊಡ್ಡ ಪ್ರೋಗ್ರಾಮಿನ ಹೊಟ್ಟೆಯೊಳಗೆ ಓಡುತ್ತಿದೆ. ಆ ಹಳೆಯದು ಇಡೀ ಯಂತ್ರ ತನ್ನದೇ ಎಂದು ನಂಬಿದೆ. ಆದರೆ ನಾಡಿ ಇಳಿದಾಗ ಬರುವ ಇಂಟರಪ್ಟ್, ಅಂದರೆ ತುರ್ತು ಕರೆ, ಮೊದಲು ಮುಟ್ಟುವುದು ಯುನಿಕ್ಸ್‌ನ ತಿರುಳಾದ ಕರ್ನಲ್‌ಗೆ. ಅದು ಕರೆಯನ್ನು ಒಳಗಿನ ಅಲಾರಂ ಪ್ರೋಗ್ರಾಮಿಗೆ ದಾಟಿಸಬೇಕು. ಅದೇ ಕಂಪ್ಯೂಟರಿನಿಂದ ಆಸ್ಪತ್ರೆಯ ಬಿಲ್ ಪ್ರಿಂಟ್ ಆಗುವಾಗ ಕೆಲವು ಕರೆಗಳನ್ನು ಕಳೆದುಬಿಡುತ್ತದೆ. ಆಫೀಸಿನಲ್ಲಿ ಪರೀಕ್ಷಿಸಿ ಕಣ್ಣಾರೆ ಕಂಡೆ.

ನಮ್ಮ ಮ್ಯಾನೇಜರ್ ಜಯಸಿಂಹ ಅವರಿಗೆ ಹೇಳಿದೆ. "ಆಸ್ಪತ್ರೆ ಟ್ರಸ್ಟಿಗಳು ಬಂದು ಕಂಪ್ಯೂಟರ್ ನೋಡ್ಕೊಂಡು ಹೋಗ್ಲಿ, ಆಮೇಲೆ ರಿಪೇರಿ ಮಾಡೋಣ. ನೀವು ಆ ಕಡೆ ಹೋಗಲೇಬೇಡಿ," ಅಂದರು. ನಿಮ್ಮ ವಾಚ್‌ಮನ್‌ಗೂ ಫೋನ್ ಮಾಡಿದ್ದಾರೆ, ಅವನು ನನ್ನನ್ನು ಒಳಗೆ ಬಿಡುತ್ತಿಲ್ಲ. ಹೊರಗಿನ ಬೆಂಚಿನಲ್ಲಿ ಕುಳಿತು ಬರೆದು, ಆಯಾ ಇಂದ್ರಾಬಾಯಿಯ ಕೈಯಲ್ಲಿ ಕಳಿಸುತ್ತಿದ್ದೇನೆ.

ಪರದೆ ಸುಮ್ಮನಿದ್ದರೆ ರೋಗಿ ಸುಖವಾಗಿದ್ದಾರೆಂದು ನಂಬಬೇಡಿ. ಮೊದಲು ವಾರ್ಡಿನಲ್ಲಿದ್ದ ಹಳೆಯ ಗಂಟೆಗಳನ್ನೇ ಮತ್ತೆ ಜೋಡಿಸಲು ಹೇಳಿ. ನನ್ನ ನೌಕರಿಯ ಚಿಂತೆ ಬೇಡ, ಡಾಕ್ಟರಿಗೆ ನನ್ನ ಹೆಸರು ಹೇಳಿಯೇ ಹೇಳಿ.

ಅದಕ್ಕೂ ಮೊದಲು, ದಯವಿಟ್ಟು ಈಗಲೇ ಎದ್ದು ಒಬ್ಬೊಬ್ಬರ ನಾಡಿ ಹಿಡಿದು ನೋಡಿ. ಎಲ್ಲರೂ ಚೆನ್ನಾಗಿದ್ದರೆ ಬಾಗಿಲಿಗೆ ಬಂದು ಒಮ್ಮೆ ಕೈ ಬೀಸಿ. ಅಲ್ಲಿಯವರೆಗೆ ನಾನು ಇಲ್ಲಿಂದ ಏಳುವುದಿಲ್ಲ.

ಇಂತು,
ಶಾಮಲಾ